ಹಳೇ ಕ್ಯಾಸೆಟ್‌ನಲ್ಲಿ ‘ವಾಗ್ಲೆ ಕೀ ದುನಿಯಾ’: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಬತ್ತರ ದಶಕದ ದೂರದರ್ಶನ ಎಂದ ಕೂಡಲೇ ರಾಮಾಯಣ, ಮಹಾಭಾರತ, ಮಾಲ್ಗುಡಿ ಡೇಸ್ ನೆನಪಾಗುತ್ತವೆ. ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅದೇ ಕಾಲದಲ್ಲಿ ಮನೆಮಂದಿಯೆಲ್ಲ ಕೂತು ನೋಡುತ್ತಿದ್ದ ‘ವಾಗ್ಲೆ ಕೀ ದುನಿಯಾ’ಗೆ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ. ಅಟ್ಟದ ಮೇಲಿನ ವಿಎಚ್‌ಎಸ್ ಕ್ಯಾಸೆಟ್ಟು, ಬೀರುವಿನ ಮೂಲೆಯ ವಿಸಿಡಿ, ಡಿವಿಡಿಗಳಿಂದ ಅದನ್ನು ಅಥವಾ ಅದರ ಓರಗೆಯ ಬೇರೆ ಹಾಸ್ಯ ಧಾರಾವಾಹಿಗಳನ್ನು ಮತ್ತೆ ನೋಡಬೇಕೆನ್ನುವವರಿಗೆ ಈ ಪುಟ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇವೆ: ಟೇಪಿನಲ್ಲಿ ಇರುವುದನ್ನು ಇರುವ ಹಾಗೇ ಪೂರ್ತಿ ಇಳಿಸಿಕೊಳ್ಳಿ. ಚೆಂದ ಮಾಡುವ ಕೆಲಸ ಆಮೇಲಿನದು.

ಇದು ಯಾವ ಧಾರಾವಾಹಿ? ಕನ್ನಡಿಗರಿಗೂ ಇದಕ್ಕೂ ಏನು ನಂಟು?

1988ರಲ್ಲಿ ದೂರದರ್ಶನದಲ್ಲಿ ಶುರುವಾದ ಹಿಂದಿ ಧಾರಾವಾಹಿ. ಆಧಾರ, ಮೈಸೂರಿನಲ್ಲಿ ಹುಟ್ಟಿ ಮಹಾರಾಜ ಕಾಲೇಜಿನಲ್ಲಿ ಓದಿದ ಆರ್.ಕೆ. ಲಕ್ಷ್ಮಣ್ ಅವರ ಪಾತ್ರಗಳು. ನಿರ್ದೇಶಕ ಕುಂದನ್ ಶಾ, ಅಂದರೆ 1983ರ ‘ಜಾನೇ ಭಿ ದೋ ಯಾರೋ’ ಮಾಡಿದವರು. ಮಧ್ಯಮ ವರ್ಗದ ಗುಮಾಸ್ತ ಶ್ರೀನಿವಾಸ ವಾಗ್ಲೆಯಾಗಿ ಅಂಜನ್ ಶ್ರೀವಾಸ್ತವ್, ಹೆಂಡತಿ ರಾಧಿಕಾ ಆಗಿ ಭಾರತಿ ಆಚರೇಕರ್. ಶಾರುಖ್ ಖಾನ್ ಕೂಡ ಒಂದು ಕಂತಿನಲ್ಲಿ ಬಂದುಹೋಗುತ್ತಾರೆ.

ಇಲ್ಲಿ ನಗು ಹುಟ್ಟುವುದು ಪಂಚ್ ಡೈಲಾಗಿನಿಂದಲ್ಲ, ಸಣ್ಣ ಸಂಬಳದ ಮನುಷ್ಯನೊಬ್ಬ ಮಾನ ಉಳಿಸಿಕೊಳ್ಳಲು ಪಡುವ ಪಾಡಿನಿಂದ. ಶ್ರೀವಾಸ್ತವ್ ಅವರ ಮುಖ ಅರ್ಧ ಕ್ಷಣದಲ್ಲಿ ಬಾಡುವುದನ್ನು ನೋಡಬೇಕು. ಚಿತ್ರದ ಗುಣಮಟ್ಟದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅದಕ್ಕಾಗಿಯೇ. ಮಸುಕು ಪ್ರತಿಯಲ್ಲಿ ಮೊದಲು ಕಳೆದುಹೋಗುವುದು ಆ ಮುಖಭಾವ.

ಹುಡುಕಿದರೆ ಬೇರೆಯೇ ಧಾರಾವಾಹಿ ಬರುತ್ತಿದೆಯಲ್ಲ?

ಅದು 2021ರಲ್ಲಿ ಸೋನಿ ಸಬ್‌ನಲ್ಲಿ ಶುರುವಾದ ಹೊಸದು. ಅದರಲ್ಲಿ ಮಗ ರಾಜೇಶನೇ ಕಥಾನಾಯಕ, ಪಾತ್ರ ಮಾಡಿದವರು ಸುಮೀತ್ ರಾಘವನ್. ಅಂಜನ್ ಶ್ರೀವಾಸ್ತವ್, ಭಾರತಿ ಆಚರೇಕರ್ ಅದರಲ್ಲೂ ಇರುವುದರಿಂದ ನಟರ ಹೆಸರು ಹಾಕಿದರೂ ಎರಡೂ ಬೆರೆತು ಬರುತ್ತವೆ. ಹೆಸರಿನ ಜೊತೆ 1988 ಮತ್ತು ದೂರದರ್ಶನ ಎಂದು ಸೇರಿಸಿ ಹುಡುಕಿ.

ಆನ್‌ಲೈನ್‌ನಲ್ಲಿ ಸಿಕ್ಕರೆ ಹಳೇ ಟೇಪು ಯಾಕೆ ಬೇಕು?

ಸಿಕ್ಕಿದ್ದನ್ನು ಧಾರಾಳವಾಗಿ ನೋಡಿ. ಪ್ರಸಾರ ಭಾರತಿಯ ಆರ್ಕೈವ್ಸ್ ಯೂಟ್ಯೂಬ್ ಚಾನೆಲ್ ಇದೆ, 2024ರ ನವೆಂಬರ್‌ನಲ್ಲಿ ಬಂದ ‘ವೇವ್ಸ್’ ಆ್ಯಪ್ ಇದೆ, 2020ರಲ್ಲಿ ಶುರುವಾದ ಡಿಡಿ ರೆಟ್ರೋ ಕೂಡ ಹಳೆಯ ಧಾರಾವಾಹಿಗಳನ್ನು ಮರುಪ್ರಸಾರ ಮಾಡಿದೆ. ಮೊದಲು ಅಲ್ಲಿ ನೋಡಿಕೊಳ್ಳಿ.

ಆದರೆ ಅಂತರ್ಜಾಲದಲ್ಲಿ ಓಡಾಡುವ ಹಳೆಯ ದೂರದರ್ಶನ ಪ್ರತಿಗಳಲ್ಲಿ ಪದೇ ಪದೇ ಕಾಣುವ ಕೊರತೆಗಳಿವೆ. ಹಳೇ ಟಿವಿಯ 4:3 (ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು) ಚಿತ್ರವನ್ನು ಅಗಲದ ಟಿವಿಗೆ ಹಿಗ್ಗಿಸಿ ಎಲ್ಲರನ್ನೂ ದಪ್ಪ ಮಾಡಿರುತ್ತಾರೆ. ಇಲ್ಲವೇ ಮೇಲೆ ಕೆಳಗೆ ಕತ್ತರಿಸಿರುತ್ತಾರೆ, ಆಗ ನಿಂತವರ ನೆತ್ತಿ ಹೋಗುತ್ತದೆ. ಶೀರ್ಷಿಕೆ ಹಾಡನ್ನೋ ಕೊನೆಯ ಹೆಸರುಪಟ್ಟಿಯನ್ನೋ ಮೊಟಕು ಮಾಡಿರುತ್ತಾರೆ. ನಿಮ್ಮ ತಂದೆಯವರೋ ಚಿಕ್ಕಪ್ಪನೋ ಅಂದು ರೆಕಾರ್ಡ್ ಮಾಡಿದ ಕ್ಯಾಸೆಟ್ಟಿನಲ್ಲಿ ಚಿತ್ರ ಮಸುಕಾಗಿರಬಹುದು, ಆದರೆ ಅಂದು ಪ್ರಸಾರವಾದದ್ದು ಉದ್ದಗಲ ಪೂರ್ತಿ ಇರುತ್ತದೆ.

ಇಪ್ಪತ್ತು ವರ್ಷದಿಂದ ಮುಟ್ಟಿಲ್ಲ. ನೇರ ವಿಸಿಆರ್‌ಗೆ ಹಾಕಬಹುದೇ?

ಬೇಡ. ಮೊದಲು ಕಣ್ಣಿಂದ ಪರೀಕ್ಷೆ ಆಗಬೇಕು.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿ ಕಪ್ಪಗೆ, ನುಣ್ಣಗೆ ಕಾಣಬೇಕು. ಬಿಳಿ ಪುಡಿ, ಜೇಡರ ಬಲೆಯಂಥ ಎಳೆ, ಬೂದು ಕಲೆ ಕಂಡರೆ ಅದು ಬೂಷ್ಟು. ಪಕ್ಕದ ಸಣ್ಣ ಗುಂಡಿ ಒತ್ತಿ ಮುಂದಿನ ಬಾಗಿಲೆತ್ತಿ ನೋಡಿ: ಟೇಪಿನ ಅಂಚು ಮಡಚಿದೆಯೇ, ಸುಕ್ಕಾಗಿದೆಯೇ? ಮೂಗಿಗೆ ಹಿಡಿದು ನೋಡುವುದು ಬೇಡ, ಬೂಷ್ಟಿದ್ದರೆ ಉಸಿರಾಟಕ್ಕೆ ಕೆಟ್ಟದ್ದು.

ಎಲ್ಲ ಸರಿ ಇದ್ದರೆ ಕ್ಯಾಸೆಟ್ಟನ್ನು ಒಂದು ದಿನ ಆ ಕೋಣೆಯಲ್ಲೇ ಬಿಡಿ. ತಂಪು ಜಾಗದಿಂದ ತಂದು ಕೂಡಲೇ ಹಾಕಿದರೆ ಯಂತ್ರದೊಳಗೆ ತಿರುಗುವ ಡ್ರಮ್ಮಿನ ಮೇಲೆ ತೇವ ಕೂತು ಟೇಪು ಅಂಟಿಕೊಳ್ಳುತ್ತದೆ. ಆಮೇಲೆ ಪ್ಲೇ ಮಾಡದೆ ಒಮ್ಮೆ ಕೊನೆಯವರೆಗೆ ಮುಂದಕ್ಕೆ, ಮತ್ತೆ ಆರಂಭಕ್ಕೆ ಸುತ್ತಿಸಿ. ವರ್ಷಗಟ್ಟಲೆ ಬಿಗಿದುಕೊಂಡಿದ್ದ ಸುರುಳಿ ಸಡಿಲವಾಗಿ ಸಮನಾಗಿ ಕೂರುತ್ತದೆ. ಸುತ್ತುವಾಗ ಕಿರುಗುಟ್ಟಿದರೆ, ನಡುವೆ ನಿಧಾನವಾದರೆ ನಿಲ್ಲಿಸಿಬಿಡಿ.

ಮುದ್ರಿತ ಚಿತ್ರವನ್ನು ಅಳಿಸದಿರಲು ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದುಹಾಕಿ. ಹಳೇ ಯಂತ್ರದ ರೆಕಾರ್ಡ್ ಗುಂಡಿಗೆ ಕೈ ತಾಗಿ ಇಡೀ ಕಂತು ಹೋದ ಮನೆಗಳು ಕಡಿಮೆಯಲ್ಲ.

ಬೂಷ್ಟು ಹಿಡಿದಿದೆ. ಏನು ಮಾಡಲಿ?

ಮಂಗಳೂರು, ಉಡುಪಿ, ಮಲೆನಾಡಿನ ಮನೆಗಳ ಕ್ಯಾಸೆಟ್ಟುಗಳಲ್ಲಿ ಇದು ಸಾಮಾನ್ಯ. ಗಾಳಿಯ ತೇವಾಂಶ ಶೇಕಡಾ 60-65 ದಾಟಿ ವಾರಗಟ್ಟಲೆ ನಿಂತರೆ ಬೂಷ್ಟು ಬೆಳೆಯುತ್ತದೆ, ಅಲ್ಲಿ ಮಳೆಗಾಲವೆಂದರೆ ಅದೇ ತಾನೆ. ಆ ಕ್ಯಾಸೆಟ್ಟನ್ನು ಮೊದಲು ಉಳಿದವುಗಳಿಂದ ಬೇರೆ ಮಾಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ವಾರ ಇಡಿ. ಒಣಗಿದ ಬೂಷ್ಟು ಪುಡಿಯಾಗಿ ಉದುರುತ್ತದೆ, ಹಸಿ ಬೂಷ್ಟು ಬಳಿದುಕೊಳ್ಳುತ್ತದೆ. ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಕವಚ ಸೊಟ್ಟಗಾಗುತ್ತದೆ.

ಶುಚಿ ಮಾಡುವಾಗ ಎನ್-95 ಮಾಸ್ಕ್, ಕೈಗವಸು ಹಾಕಿ ಬಯಲಲ್ಲಿ ಕೂರಿ. ಕೆಟ್ಟರೂ ಚಿಂತೆಯಿಲ್ಲ ಎನ್ನುವ ಒಂದು ಯಂತ್ರ ಇದ್ದರೆ ಅದರಲ್ಲಿ ಮುಂದಕ್ಕೆ ಹಿಂದಕ್ಕೆ ಸುತ್ತಿಸುತ್ತ, ನುಣುಪಾದ ಮೈಕ್ರೋಫೈಬರ್ ಬಟ್ಟೆಯನ್ನು ಟೇಪಿಗೆ ಹಗುರವಾಗಿ ತಾಗಿಸಿ ಒರೆಸಬೇಕು. ಒಳ್ಳೆಯ ಯಂತ್ರಕ್ಕೆ ಬೂಷ್ಟಿನ ಕ್ಯಾಸೆಟ್ ಹಾಕಿದರೆ ಅದು ಟೇಪು ಓದುವ ಹೆಡ್ಡಿಗೆ ಅಂಟಿ, ನಂತರ ಹಾಕುವ ಪ್ರತಿ ಕ್ಯಾಸೆಟ್ಟಿಗೂ ದಾಟುತ್ತದೆ. ಮನೆಯಲ್ಲಿ ಇರುವುದು ಅದೊಂದೇ ಪ್ರತಿ ಎಂದಾದರೆ ಈ ಕೆಲಸವನ್ನು ಕಸುಬು ಗೊತ್ತಿದ್ದವರಿಗೆ ಕೊಡುವುದೇ ಒಳ್ಳೆಯದು.

ಈಗ ವಿಸಿಆರ್ ಎಲ್ಲಿ ಸಿಗುತ್ತದೆ?

ಹೊಸದು ಸಿಗುವುದಿಲ್ಲ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿದಾಗ ಆ ಕಥೆ ಮುಗಿಯಿತು. ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆ, ಸಂಡೇ ಬಜಾರ್, ಬೇರೆ ಊರುಗಳಲ್ಲಿ ಹಳೇ ಟಿವಿ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ. ವಿಸಿಆರೇ ಬೇಕೆಂದಿಲ್ಲ. ವಾರಾಂತ್ಯಕ್ಕೆ ಬಾಡಿಗೆಗೆ ತರುತ್ತಿದ್ದ ವಿಸಿಪಿಯೂ ಸಾಕು, ನಮಗೆ ಬೇಕಾಗಿರುವುದು ಪ್ಲೇ ಮಾತ್ರ.

ಕೊಳ್ಳುವ ಮುನ್ನ ಬೇಡದ ಕ್ಯಾಸೆಟ್ಟೊಂದನ್ನು ಒಯ್ದು ಹಾಕಿ ನೋಡಿ. ಹತ್ತು ನಿಮಿಷ ಓಡಿಸಿ, ಎರಡೂ ಕಡೆ ಸುತ್ತಿಸಿ, ಹೊರತೆಗೆದು ಟೇಪಿನ ಅಂಚು ನೋಡಿ. ಅಂಚು ಜಜ್ಜಿದ್ದರೆ ಯಂತ್ರದ ಗೈಡುಗಳು ಅಥವಾ ರಬ್ಬರ್ ರೋಲರು ಕೆಟ್ಟಿವೆ. ಸುತ್ತುವುದು ನಿಧಾನವಾದರೆ ಬೆಲ್ಟು ಸಡಿಲವಾಗಿದೆ, ಅದು ರಿಪೇರಿಯಾಗುವಂಥದ್ದು. ತಲೆಬಾಗಿಲಲ್ಲೇ ಕ್ಯಾಸೆಟ್ ನುಂಗಿ ಉಗುಳುವ ಯಂತ್ರವನ್ನು ಎಷ್ಟು ಅಗ್ಗವಾದರೂ ತರಬೇಡಿ.

ಪರದೆ ತುಂಬ ಮಂಜು. ಟೇಪು ಹಾಳೋ, ಯಂತ್ರ ಹಾಳೋ?

ಮೂರು ಕ್ಯಾಸೆಟ್ ಹಾಕಿದಾಗಲೂ ಹಾಗೇ ಬಂದರೆ ಯಂತ್ರದ ಹೆಡ್ಡು ಕೊಳೆಯಾಗಿದೆ. ಮುಚ್ಚಳ ಬಿಚ್ಚುವ ಮುನ್ನ ಪ್ಲಗ್ ಕಿತ್ತಿಡಿ. ಒಳಗೆ 62 ಮಿಲಿಮೀಟರ್ ವ್ಯಾಸದ ಹೊಳೆಯುವ ಡ್ರಮ್ಮು ಕಾಣುತ್ತದೆ. ಪಾಲ್ (ಭಾರತದ ಟಿವಿ ಪದ್ಧತಿ) ಯಂತ್ರದಲ್ಲಿ ಅದು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ, ಹೆಡ್ಡುಗಳು ಅದರ ಅಂಚಿನಲ್ಲಿ ಕಂಡೂ ಕಾಣದಷ್ಟು ಸಣ್ಣಗಿವೆ. ಬಿಳಿ ಕಾಗದದ ಪಟ್ಟಿಯನ್ನೋ ಹೆಡ್ ಒರೆಸುವ ಚರ್ಮದ ತುಂಡನ್ನೋ 99 ಪ್ರತಿಶತ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿ ಡ್ರಮ್ಮಿಗೆ ಹಗುರವಾಗಿ ಒತ್ತಿಹಿಡಿದು, ಇನ್ನೊಂದು ಕೈಯಲ್ಲಿ ಡ್ರಮ್ಮಿನ ಮೇಲ್ಭಾಗ ಹಿಡಿದು ನಿಧಾನ ತಿರುಗಿಸಿ. ಅಲುಗಬೇಕಾದದ್ದು ಡ್ರಮ್ಮು, ನಿಮ್ಮ ಕಾಗದವಲ್ಲ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿದೇ ಹೋಗುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯೂ ಬೇಡ, ಎಳೆ ಸಿಕ್ಕಿಕೊಂಡು ಅದೇ ಗತಿ. ಅರ್ಧ ಗಂಟೆ ಒಣಗಲು ಬಿಟ್ಟು ಮುಚ್ಚಿ.

ಒಂದೇ ಕ್ಯಾಸೆಟ್ಟಿನಲ್ಲಿ ಮೇಲೋ ಕೆಳಗೋ ಮಂಜಿನ ಪಟ್ಟಿ ಬಂದರೆ ಯಂತ್ರದ ಟ್ರ್ಯಾಕಿಂಗ್ ಗುಂಡಿ ತಿರುಗಿಸಿ. ಅಂದು ರೆಕಾರ್ಡ್ ಮಾಡಿದ ಯಂತ್ರಕ್ಕೂ ಇಂದಿನ ಯಂತ್ರಕ್ಕೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ.

ಟೇಪು ತುಂಡಾಗಿದೆ.

ಕವಚದ ಅಡಿಯ ಐದು ತಿರುಪು ಬಿಚ್ಚಿ. ಒಳಗಿನ ರೋಲರು, ಸ್ಪ್ರಿಂಗುಗಳು ಎಲ್ಲಿದ್ದವೆಂದು ಮುಟ್ಟುವ ಮುನ್ನ ಫೋಟೋ ತೆಗೆದುಕೊಳ್ಳಿ. ಸುಕ್ಕಾದ ತುದಿಗಳನ್ನಷ್ಟೇ ಕತ್ತರಿಸಿ. ಎಸ್‌ಪಿ (ಸಾಮಾನ್ಯ) ವೇಗದಲ್ಲಿ ಟೇಪು ಸೆಕೆಂಡಿಗೆ 23.39 ಮಿಲಿಮೀಟರ್ ಓಡುತ್ತದೆ, ಎರಡು ಸೆಂಟಿಮೀಟರ್ ಹೋದರೆ ಒಂದು ಸೆಕೆಂಡಿಗೂ ಕಡಿಮೆ ನಷ್ಟ. ತುದಿಗಳನ್ನು ಒಂದರ ಮೇಲೊಂದು ಏರಿಸದೆ ತಾಗಿಸಿ, ಟೇಪು ಜೋಡಿಸಲೆಂದೇ ಸಿಗುವ ಅಂಟುಪಟ್ಟಿಯನ್ನು ಹೆಡ್ಡಿಗೆ ತಾಗದ ಬೆನ್ನಿನ ಕಡೆ ಹಚ್ಚಿ. ಮನೆಯ ಸೆಲ್ಲೋಟೇಪ್ ಹಚ್ಚಿದರೆ ಗೋಂದು ಒಸರಿ ಪಕ್ಕದ ಸುತ್ತಿಗೂ ಹೆಡ್ಡಿಗೂ ಅಂಟುತ್ತದೆ. ಜೋಡಿಸಿದ ಜಾಗ ಹೆಡ್ಡಿನ ಮೇಲೆ ಹಾಯದಿದ್ದರೆ ಇನ್ನೂ ಕ್ಷೇಮ. ಅದರ ಮುಂಚಿನ ಭಾಗವನ್ನೂ ನಂತರದ ಭಾಗವನ್ನೂ ಬೇರೆ ಬೇರೆಯಾಗಿ ಇಳಿಸಿ ಕಂಪ್ಯೂಟರಿನಲ್ಲಿ ಸೇರಿಸಿಕೊಳ್ಳಬಹುದು.

ಅಮೆರಿಕಕ್ಕೆ ಒಯ್ದ ಕ್ಯಾಸೆಟ್ ಇಲ್ಲಿಯ ವಿಸಿಆರ್‌ನಲ್ಲಿ ಉರುಳುತ್ತದೆ, ಬಣ್ಣವೇ ಇಲ್ಲ.

ಕ್ಯಾಸೆಟ್ ಹಾಳಾಗಿಲ್ಲ. ಭಾರತದ್ದು ಪಾಲ್: 625 ಗೆರೆ, ಸೆಕೆಂಡಿಗೆ 25 ಚೌಕಟ್ಟು. ಅಮೆರಿಕದ್ದು ಎನ್‌ಟಿಎಸ್‌ಸಿ: 525 ಗೆರೆ, 29.97 ಚೌಕಟ್ಟು. ಪಾಲ್ ಓಡಿಸುವ ಬಹುಪದ್ಧತಿ ವಿಸಿಆರ್ ಹುಡುಕಿ, ಇಲ್ಲವೇ ಊರಿಗೆ ಹೋಗುವಾಗ ಒಯ್ದು ಅಲ್ಲೇ ಇಳಿಸಿಕೊಳ್ಳಿ. ಪಾಲ್‌ನಿಂದ ಎನ್‌ಟಿಎಸ್‌ಸಿಗೆ ಪರಿವರ್ತಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡಿ, ಚಲನೆ ಕೆಡುತ್ತದೆ. ಪಾಲ್ ಆಗಿಯೇ ಫೈಲು ಕೇಳಿ, ಕಂಪ್ಯೂಟರಿಗೆ ಯಾವ ದೇಶವಾದರೇನು.

ಕಂಪ್ಯೂಟರಿಗೆ ಇಳಿಸುವ ಸರಿಯಾದ ಕ್ರಮ ಯಾವುದು?

ಬೇಕಾಗುವುದು: ವಿಸಿಆರ್, ಹಳದಿ-ಬಿಳಿ-ಕೆಂಪು ಆರ್‌ಸಿಎ ಕೇಬಲ್, ಚಿತ್ರದ ಗೆರೆಗಳನ್ನು ಸ್ಥಿರಗೊಳಿಸುವ ಒಂದು ಸಾಧನ, ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್, ಸಾಕಷ್ಟು ಜಾಗವಿರುವ ಹಾರ್ಡ್ ಡಿಸ್ಕ್.

ನಡುವಿನ ಸಾಧನವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ವಿಎಚ್‌ಎಸ್ ಟೇಪು ಹಿಗ್ಗಿ ಕುಗ್ಗಿ ಓಡುವುದರಿಂದ ಪ್ರತಿ ಗೆರೆಯೂ ಸ್ವಲ್ಪ ಮುಂಚೆಯೋ ತಡವಾಗಿಯೋ ಶುರುವಾಗುತ್ತದೆ. ಹಳೇ ಟ್ಯೂಬ್ ಟಿವಿ ಅದನ್ನು ಸಹಿಸಿಕೊಳ್ಳುತ್ತಿತ್ತು, ಕ್ಯಾಪ್ಚರ್ ಕಾರ್ಡ್ ಸಹಿಸುವುದಿಲ್ಲ. ಬಾಗಿಲ ಚೌಕಟ್ಟು ಅಲೆಅಲೆಯಾಗಿ ಕಾಣುವುದು, ಚಿತ್ರದ ನೆತ್ತಿ ಬಾವುಟದಂತೆ ಬಾಗುವುದು ಇದರಿಂದಲೇ. ಇದಕ್ಕೆಂದೇ ಇರುವ ಟೈಮ್ ಬೇಸ್ ಕರೆಕ್ಟರ್ ದುಬಾರಿ. ಪ್ಯಾನಸೋನಿಕ್ ಇಎಸ್10, ಇಎಸ್15ರಂಥ ಹಳೇ ಡಿವಿಡಿ ರೆಕಾರ್ಡರಿನ ಮೂಲಕ ಹಾಯಿಸಿದರೂ ಗೆರೆ ನೆಟ್ಟಗಾಗುತ್ತದೆ. ಡಿಸ್ಕಿಗೆ ರೆಕಾರ್ಡ್ ಮಾಡುವುದಲ್ಲ, ಒಂದು ಕಡೆ ಒಳಗೆ ಇನ್ನೊಂದು ಕಡೆ ಹೊರಗೆ, ಅಷ್ಟೇ.

ಸಾಫ್ಟ್‌ವೇರ್ ವರ್ಚುವಲ್‌ಡಬ್ ಸಾಕು. ಪಾಲ್ ಬಿ ಆರಿಸಿ, 720×576, ಸೆಕೆಂಡಿಗೆ 25, ಇಂಟರ್‌ಲೇಸ್ (ಇದೇನೆಂದು ಕೆಳಗೆ ಹೇಳಿದ್ದೇವೆ) ಹಾಗೇ ಇರಲಿ. ದನಿ 48 ಕಿಲೋಹರ್ಟ್ಸ್, 16 ಬಿಟ್, ಕುಗ್ಗಿಸದ ಪಿಸಿಎಂ. ಚಿತ್ರಕ್ಕೆ ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1, ಇವೆರಡೂ ಒಂದು ಚುಕ್ಕೆಯನ್ನೂ ಕಳೆಯುವುದಿಲ್ಲ. ಗಂಟೆಗೆ ಸುಮಾರು 30 ಜಿಬಿ ಆಗುತ್ತದೆ. ಇ-180 ಕ್ಯಾಸೆಟ್ ಎಸ್‌ಪಿಯಲ್ಲಿ ಮೂರು ಗಂಟೆ, ಅಂದರೆ 90 ಜಿಬಿ. ಅಷ್ಟು ಜಾಗ ಇಲ್ಲದಿದ್ದರೆ ಡಿವಿ ರೂಪದಲ್ಲಿ ಗಂಟೆಗೆ 13 ಜಿಬಿ. ನೇರ ಎಂಪಿ4ಗೆ ಇಳಿಸುವುದು ಮಾತ್ರ ಬೇಡ. ವಿಎಚ್‌ಎಸ್‌ನ ಮಂಜನ್ನೇ ಅದು ವಿವರವೆಂದು ತಿಳಿದು ಜಾಗವೆಲ್ಲ ಅದಕ್ಕೇ ಸುರಿಯುತ್ತದೆ, ಮುಖಗಳು ಮೇಣದಂತಾಗುತ್ತವೆ.

ಪೂರ್ತಿ ಇಳಿಸುವ ಮುನ್ನ ಐದು ನಿಮಿಷ ಇಳಿಸಿ ನೋಡಿ. ಬಿಳಿ ಅಂಗಿಯ ಮಡಿಕೆಗಳು ಕಾಣುತ್ತಿವೆಯೇ? ಅಂಗಿ ಬರೀ ಬಿಳಿ ಹಾಳೆಯಾಗಿದ್ದರೆ ಕಾರ್ಡಿನ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇಳಿಸಿ. ಇಲ್ಲಿ ಕಳೆದದ್ದು ಮುಂದೆ ಯಾವ ಸಾಫ್ಟ್‌ವೇರಿನಿಂದಲೂ ಬರುವುದಿಲ್ಲ. ಚಿತ್ರದ ತಳದಲ್ಲಿ ಕೆಲವು ಗೆರೆ ಚೆದುರಿದಂತೆ ಕಾಣುವುದು ಹೆಡ್ಡು ಬದಲಾಗುವ ಗುರುತು. ಎಲ್ಲ ವಿಎಚ್‌ಎಸ್‌ನಲ್ಲೂ ಇರುತ್ತದೆ, ಗಾಬರಿ ಬೇಡ.

ಹತ್ತು ನಿಮಿಷ ಆದಮೇಲೆ ಮಾತು ತುಟಿಗೆ ಹೊಂದುವುದಿಲ್ಲ.

ಕಾರ್ಡು ನಡುನಡುವೆ ಚೌಕಟ್ಟು ಬಿಟ್ಟಿದೆ. ವರ್ಚುವಲ್‌ಡಬ್‌ನ ಬಲಬದಿಯಲ್ಲಿ ಎಷ್ಟು ಬಿಟ್ಟಿತೆಂಬ ಲೆಕ್ಕ ಕಾಣುತ್ತದೆ. ಗಂಟೆಗೆ ಒಂದೆರಡು ಸಹಿಸಬಹುದು, ಹತ್ತಾರು ಬಂದರೆ ಬುಡದಲ್ಲೇ ತಪ್ಪಿದೆ: ಗೆರೆ ಸ್ಥಿರಗೊಳಿಸುವ ಸಾಧನ ಇಲ್ಲ, ಕಾರ್ಡನ್ನು ಯುಎಸ್‌ಬಿ ಹಬ್‌ಗೆ ಚುಚ್ಚಿದ್ದೀರಿ, ಅಥವಾ ದನಿಯನ್ನು ಕಂಪ್ಯೂಟರಿನ ಮೈಕ್ ಕಿಂಡಿಗೆ ಬೇರೆಯಾಗಿ ಕೊಟ್ಟಿದ್ದೀರಿ. ಚಿತ್ರ, ದನಿ ಎರಡೂ ಒಂದೇ ಕಾರ್ಡಿನಿಂದ ಬರಲಿ. ಒಂದು ಕಿವಿಯಲ್ಲಿ ಮಾತ್ರ ದನಿ ಬರುವುದು ಬೇರೆ ವಿಷಯ, ಮೋನೋ ಯಂತ್ರದ ಒಂದೇ ತಂತಿ ಎಡಕ್ಕೆ ಹೋಗಿರುತ್ತದೆ. ಆಮೇಲೆ ಎರಡೂ ಕಡೆಗೆ ನಕಲು ಮಾಡಿದರಾಯಿತು.

ಯಾರಾದರೂ ಕೈ ಬೀಸಿದರೆ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತದೆ.

ಅದು ಇಂಟರ್‌ಲೇಸ್. ಪಾಲ್‌ನ ಪ್ರತಿ ಚೌಕಟ್ಟಿನಲ್ಲೂ ಐವತ್ತನೇ ಒಂದು ಸೆಕೆಂಡು ಅಂತರದ ಎರಡು ಅರ್ಧಚಿತ್ರಗಳಿವೆ. ನೋಡುವ ಪ್ರತಿ ಮಾಡುವಾಗ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನಲ್ಲಿ ಬಿಡಬ್ಲ್ಯೂಡಿಐಎಫ್ ಫಿಲ್ಟರನ್ನು ‘ಬಾಬ್’ ಎಂದಿಟ್ಟು ಸೆಕೆಂಡಿಗೆ 50 ಚೌಕಟ್ಟು ಮಾಡಿ. ವಿಡಿಯೋ ಕ್ಯಾಮೆರಾದಲ್ಲಿ ತೆಗೆದ ದೃಶ್ಯಗಳ ಚಲನೆ ಅಂದು ಟಿವಿಯಲ್ಲಿ ಕಂಡಷ್ಟೇ ನಯವಾಗಿ ಬರುತ್ತದೆ. 25ಕ್ಕೆ ಇಳಿಸಿದರೆ ಅರ್ಧ ಚಲನೆ ಹೋಯಿತು. ಚಿತ್ರ ಹಿಂದುಮುಂದಾಗಿ ನಡುಗಿದರೆ ಅರ್ಧಚಿತ್ರಗಳ ಸರದಿ ತಪ್ಪಿದೆ: ಕ್ಯಾಪ್ಚರ್ ಕಾರ್ಡಿನ ಫೈಲಿನಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು, ಡಿವಿಯಲ್ಲಿ ಕೆಳಗಿನದು ಮೊದಲು. ತೋರಿಸುವ ಅಳತೆ 768×576 ಆಗಬೇಕು, ಆಗ 4:3 ಸರಿಯಾಗುತ್ತದೆ.

ವಿಸಿಡಿ ಇದೆ. ಕಾಪಿ ಮಾಡುವಾಗ ನಡುವೆ ನಿಲ್ಲುತ್ತದೆ.

ವಿಸಿಡಿಯ ವಿಡಿಯೋ ಭಾಗದಲ್ಲಿ ತಪ್ಪು ತಿದ್ದುವ ಹೆಚ್ಚುವರಿ ಮಾಹಿತಿಯನ್ನು ಬಿಟ್ಟು ಆ ಜಾಗಕ್ಕೂ ಚಿತ್ರವನ್ನೇ ತುಂಬಿದ್ದಾರೆ, ಅದಕ್ಕೇ ಸಣ್ಣ ಗೀರಿಗೂ ಓದು ನಿಲ್ಲುತ್ತದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ದುಂಡಗೆ ಬೇಡ. ಟೂತ್‌ಪೇಸ್ಟ್ ಹಚ್ಚುವುದು ಇನ್ನಷ್ಟು ಗೀರು ಹಾಕಿದಂತೆ. ಆದರೂ ಆಗದಿದ್ದರೆ ಬೇರೆ ಬೇರೆ ಡ್ರೈವುಗಳಲ್ಲಿ ಪ್ರಯತ್ನಿಸಿ, ಒಂದು ಓದದ್ದನ್ನು ಇನ್ನೊಂದು ಓದುತ್ತದೆ.

ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿರುವ ಡ್ಯಾಟ್ ಫೈಲೇ ವಿಡಿಯೋ. ವಿಎಲ್‌ಸಿಯಲ್ಲಿ ನೇರ ಓಡುತ್ತದೆ. ಅಳತೆ 352×288, ವೇಗ 1,150 ಕಿಲೋಬಿಟ್. ಹಾಗಾಗಿ ಒಳ್ಳೆಯ ಸ್ಥಿತಿಯ ವಿಎಚ್‌ಎಸ್ ಇದ್ದರೆ ಅದಕ್ಕೇ ನಮ್ಮ ಮತ. ಎರಡೂ ಇದ್ದರೆ ಎರಡನ್ನೂ ಇಳಿಸಿ, ಟೇಪಿನಲ್ಲಿ ಕೆಟ್ಟ ಜಾಗದ ಮಾತು ವಿಸಿಡಿಯಲ್ಲಿ ಸಿಗಬಹುದು.

ಡಿವಿಡಿ ಕೊಳ್ಳುವಾಗ ಏನು ನೋಡಬೇಕು?

ಒಂದು ಡಿಸ್ಕಿಗೆ ಎಷ್ಟು ಕಂತು ಎಂದು ನೋಡಿ. 4.7 ಜಿಬಿಯ ಡಿಸ್ಕಿನಲ್ಲಿ 23 ನಿಮಿಷದ ನಾಲ್ಕು ಕಂತಿದ್ದರೆ ಸೆಕೆಂಡಿಗೆ ಸುಮಾರು 6.8 ಮೆಗಾಬಿಟ್ ಸಿಗುತ್ತದೆ, ಚೆನ್ನಾಗಿರುತ್ತದೆ. ಎಂಟು ತುರುಕಿದ್ದರೆ 3.4, ಕತ್ತಲ ದೃಶ್ಯದಲ್ಲಿ ಚೌಕಚೌಕ ಏಳುತ್ತದೆ. ಡಿವಿಡಿಗಳಿಗೆ ದೇಶವಾರು ವಲಯ ಸಂಖ್ಯೆ ಇದೆ, ಭಾರತದ್ದು 5. ವಿದೇಶದ ಪ್ಲೇಯರಿನಲ್ಲಿ ಅದಕ್ಕೇ ಓಡದಿರಬಹುದು. ಕಂಪ್ಯೂಟರ್ ಡ್ರೈವಿನ ವಲಯವನ್ನು ಬದಲಿಸಲು ಐದೇ ಅವಕಾಶ, ಆಮೇಲೆ ಅದು ಗಟ್ಟಿಯಾಗಿ ಕೂತುಬಿಡುತ್ತದೆ.

ಜಾಹೀರಾತು ಕತ್ತರಿಸಲೇ?

ದಯವಿಟ್ಟು ಬೇಡ. ಕ್ಯಾಸೆಟ್ಟಿನ ಮೇಲೆ ಬರೆದ ತಾರೀಖು ಎಷ್ಟೋ ಸಲ ತಪ್ಪಿರುತ್ತದೆ. ಕಂತಿನ ಹಿಂದುಮುಂದೆ ಉಳಿದ ಜಾಹೀರಾತು, ಪ್ರಾಯೋಜಕರ ಫಲಕ, ವಾರ್ತೆಯ ಒಂದು ತುಣುಕು, ಉದ್ಘೋಷಕಿಯ ಒಂದು ಮಾತು ಆ ದಿನವನ್ನು ಹೇಳುತ್ತವೆ. ನೋಡುವ ಪ್ರತಿಯಲ್ಲಿ ಬೇಕಾದರೆ ತೆಗೆಯಿರಿ, ಮೂಲ ಫೈಲಿನಲ್ಲಿ ಇರಲಿ.

ಮನೆಯ ಹಿರಿಯರಿಗೆ ಹಿಂದಿ ಬಾರದು. ಕನ್ನಡ ಸಬ್‌ಟೈಟಲ್ ಹಾಕಿದರೆ ಟಿವಿಯಲ್ಲಿ ಒತ್ತಕ್ಷರ ಒಡೆಯುತ್ತದೆ.

ಪೆನ್‌ಡ್ರೈವ್ ಚುಚ್ಚಿ ನೋಡುವ ಎಷ್ಟೋ ಟಿವಿಗಳಿಗೆ ಕನ್ನಡದ ಒತ್ತು ಜೋಡಿಸಲು ಬರುವುದಿಲ್ಲ. ‘ಅಪ್ಪ’ ಹೋಗಿ ‘ಅಪ್‌ಪ’ ಆಗುತ್ತದೆ. ಸಬ್‌ಟೈಟಲ್ ಎಡಿಟ್‌ನಲ್ಲಿ ಬರೆದು ಯುಟಿಎಫ್-8 ಎಂದು ಉಳಿಸಿ, ನೋಟೋ ಸ್ಯಾನ್ಸ್ ಕನ್ನಡ ಅಕ್ಷರದಲ್ಲಿ ಚಿತ್ರದ ಮೇಲೇ ಅಚ್ಚೊತ್ತಿಸಿ. ಹ್ಯಾಂಡ್‌ಬ್ರೇಕ್, ಎಫ್‌ಎಫ್‌ಎಂಪೆಗ್ ಎರಡೂ ಈ ಕೆಲಸ ಮಾಡುತ್ತವೆ. ಅಕ್ಷರ ದೊಡ್ಡದಿರಲಿ, ಎರಡು ಸಾಲು ಮೀರದಿರಲಿ, ಒಂದು ಸಾಲು ಕನಿಷ್ಠ ಎರಡು ಸೆಕೆಂಡು ನಿಲ್ಲಲಿ. ಪದಕ್ಕೆ ಪದ ಅನುವಾದಿಸಬೇಡಿ. ರಾಧಿಕಾ ಗಂಡನನ್ನು ಗದರುವುದು ನಮ್ಮ ಮನೆಯ ಮಾತಿನಲ್ಲೇ ಕೇಳಬೇಕು.

ಯೂಟ್ಯೂಬ್‌ಗೆ ಹಾಕಬಹುದೇ?

ಇಲ್ಲ. ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. 1988ರ ಕಂತು 2048ರ ಕೊನೆಯವರೆಗೂ ಹಕ್ಕುದಾರರದೇ. ಸ್ವಂತಕ್ಕೆ ಕಾಪಾಡಿ ಇಟ್ಟುಕೊಳ್ಳಿ.

ನಮ್ಮಲ್ಲಿರುವುದು ‘ಸಿಹಿಕಹಿ’ಯಂಥ ಕನ್ನಡ ಹಾಸ್ಯ ಧಾರಾವಾಹಿಯ ಟೇಪು.

ಹಾಗಿದ್ದರೆ ಉಳಿದದ್ದೆಲ್ಲ ಬದಿಗಿಟ್ಟು ಅದನ್ನು ಮೊದಲು ಇಳಿಸಿ. ನಟರಾದ ಚಂದ್ರು, ಗೀತಾ ಇಬ್ಬರ ಹೆಸರಿಗೂ ಶಾಶ್ವತವಾಗಿ ಅಂಟಿಕೊಂಡ ಧಾರಾವಾಹಿ ಅದು. ಪ್ರಸಾರ ಕೇಂದ್ರಗಳು ಟೇಪನ್ನು ಅಳಿಸಿ ಮತ್ತೆ ಬಳಸುತ್ತಿದ್ದದ್ದು ಆ ಕಾಲದಲ್ಲಿ ಲೋಕದೆಲ್ಲೆಡೆಯ ರೂಢಿ. ಹಾಗಾಗಿ ಪ್ರಾದೇಶಿಕ ಭಾಷೆಯ ಕಂತೊಂದರ ಉಳಿದ ಪ್ರತಿ ನಿಮ್ಮ ಅಟ್ಟದಲ್ಲೇ ಇರಬಹುದು. ಚಿತ್ರ ಎಷ್ಟೇ ಕೆಟ್ಟಿರಲಿ, ದನಿಯೊಂದೇ ಉಳಿದಿರಲಿ, ಎಸೆಯಬೇಡಿ. ಅದರಲ್ಲಿ ದುಡಿದವರಿಗೋ ಅವರ ಮನೆಯವರಿಗೋ ಒಂದು ಪ್ರತಿ ತಲುಪಿಸಲು ನೋಡಿ.

ಇಳಿಸಿ ಆಯಿತು. ಇನ್ನು ಕ್ಯಾಸೆಟ್ ಯಾಕೆ?

ಹಾರ್ಡ್ ಡಿಸ್ಕ್ ಯಾವತ್ತಾದರೂ ಕೈಕೊಡುತ್ತದೆ, ನಾಳೆ ಇನ್ನೂ ಒಳ್ಳೆಯ ಯಂತ್ರವೂ ಸಿಗಬಹುದು. ಫೈಲನ್ನು ಎರಡು ಬೇರೆ ಡಿಸ್ಕುಗಳಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ. ಕ್ಯಾಸೆಟ್ಟನ್ನು ಪೂರ್ತಿ ಒಂದು ಕಡೆಗೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಸ್ಪೀಕರಿನ ಅಯಸ್ಕಾಂತದಿಂದ ದೂರ, ನೆಲದಿಂದ ಮೇಲೆ, ಒಣ ಬೀರುವಿನಲ್ಲಿಡಿ. ಸಿಲಿಕಾ ಜೆಲ್ ಪೊಟ್ಟಣವನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಬದಲಿಸಿ.